ಬೆನ್ನ ಮೇಲಿನ ಏಟು

ಥರ್ಜಾ ಬ್ಲೂರ್ ನನ್ನ ಕೈ ಮೇಲೆ ಫಟ್ಟನೆ ಹೊಡೆದಳು.

ಮೆಲ್ಲಗೇನಲ್ಲ. ಒಬ್ಬ ಗಂಡಸಿನ ದವಡೆಯನ್ನೂ ಹೆಗಲ ಮೂಳೆಯನ್ನೂ ಬೇಕೆಂದೇ ಮುರಿದ ಆರೋಪ ಹೊತ್ತು ಬರುವ ಸೋಮವಾರ ಸ್ಟಾಫರ್ಡಿನ ಕ್ರೌನ್ ಕೋರ್ಟಿನಲ್ಲಿ ನಿಲ್ಲಬೇಕಾದ ಹೆಂಗಸು ಅವಳು. ಅವಳನ್ನು ಉಳಿಸಲು ಊರೂರು ಅಲೆಯುತ್ತಿರುವ ಪತ್ತೇದಾರಿಣಿ ಹೆಸ್ಟರ್ ಮೇಚಿನ್ ನಾನು. ಆ ಹೊಡೆತವನ್ನು ಸರ್ಕಾರಿ ವಕೀಲರು ನೋಡಿದ್ದರೆ ಅಂದು ಅವರ ಮನೆಯಲ್ಲಿ ಹಬ್ಬ.

"ಹಿಡಿ ತೆಗಿ," ಅಂದಳು, ಕಾಲುವೆ ಬಾಗಿಲ ತೂಬಿಗೆ ನಾನು ಸಿಕ್ಕಿಸಿದ್ದ ಕಬ್ಬಿಣದ ಹಿಡಿಕೆ ತೋರಿಸಿ. "ತೂಬು ಎತ್ತಿದ ಮೇಲೆ ಹಿಡೀನ ಅಲ್ಲೇ ಬಿಟ್ಟು ನಿಲ್ತಾರೇನೇ?"

"ಮೂಗು ಒರೆಸ್ಕೋಬೇಕಿತ್ತು. ಒಂದು ಗಳಿಗೆ ಬಿಟ್ಟೆ."

"ಒರೆಸ್ಕೊಳ್ಳೋಕೆ ಮೂಗು ಉಳೀಬೇಕಲ್ಲ. ತೂಬಿನ ಚಕ್ರದ ಹಲ್ಲು ಜಾರಿದ್ರೆ ಆ ಕಬ್ಬಿಣ ಬುಗುರಿ ಥರ ತಿರುಗಿ ಹಾರುತ್ತೆ. ನಮ್ಮಪ್ಪನ ಮುಂದಿನ ನಾಲ್ಕು ಹಲ್ಲು ಹೋಗಿದ್ದು ಹಾಗೇ. ದೋಣಿಯವರು ಉಸಿರು ಬಿಟ್ಟರೂ ಹಿಡಿ ಬಿಡಲ್ಲ, ತಿಳ್ಕೋ."

ನಾವು ಮಾರ್ಲ್‌ಪಿಟ್ ಲಾಕಿನ ದಡದಲ್ಲಿದ್ದೆವು. ತೂಬು ಎತ್ತಿ ನೀರು ಇಳಿಸಿ ದೋಣಿಯನ್ನು ಕಾಲುವೆಯ ಕೆಳಹಂತಕ್ಕೆ ಬಿಡುವ, ಎರಡು ತುದಿಗೂ ಬಾಗಿಲಿರುವ ಕಲ್ಲಿನ ತೊಟ್ಟಿ ಅದು. ಕೇಳಬೇಕಾದ್ದು ಕೇಳಿ ಹೋಗೋಣವೆಂದು ಬಂದವಳನ್ನು ಅವಳು ಕೆಲಸಕ್ಕೆ ಹಚ್ಚಿದ್ದಳು. ಕಾಯಂ ಕಟ್ಟೆ ಇಲ್ಲದ ದೋಣಿಯವರು ಎರಡು ವಾರಕ್ಕೊಮ್ಮೆ ಜಾಗ ಬದಲಿಸಲೇಬೇಕು. ತಲೆಯ ಮೇಲೆ ಮೊಕದ್ದಮೆ ಇದೆ ಎಂದರೆ ಕಾಲುವೆ ಇಲಾಖೆಯವರು ಕೇಳುವುದಿಲ್ಲ.

ತೊಟ್ಟಿಯ ನೀರು ಇಳಿಯುತ್ತಿತ್ತು. ಅದರೊಂದಿಗೆ ಅವಳ ಉದ್ದನೆಯ ಹಸಿರು ದೋಣಿ 'ಪೆನಿರಾಯಲ್' ಕೂಡ ಇಳಿಯುತ್ತಿತ್ತು. ದೋಣಿಯ ಹಿಂಬದಿಗೆ ಕಟ್ಟಿದ ಹಗ್ಗವನ್ನು ಥರ್ಜಾ ದಡದ ಗೂಟಕ್ಕೆ ಒಂದು ಸುತ್ತು ಹಾಕಿ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

"ಅಷ್ಟೊಂದು ಯಾಕೆ ಎಳೀತೀಯ?" ಎಂದೆ.

"ಚುಕ್ಕಾಣಿ ಹತ್ರ ಯಾರೂ ಇಲ್ಲದಾಗ ಹಗ್ಗವೇ ಚುಕ್ಕಾಣಿ ಕಣೆ. ಬಿಟ್ರೆ ದೋಣಿ ಹಿಂದಕ್ಕೆ ಸರಿಯುತ್ತೆ. ಮೇಲಿನ ಬಾಗಿಲ ಕೆಳಗೆ ಕಲ್ಲಿನ ಹೊಸ್ತಿಲಿದೆ, ಈಗ ಕಾಣ್ತಿದೆ ನೋಡು. ಅದರ ಮೇಲೆ ಬಾಲ ಕೂತ್ಕೊಂಡ್ರೆ ಮೂತಿ ಮಾತ್ರ ನೀರಿನ ಜೊತೆ ಕೆಳಗೆ ಹೋಗುತ್ತೆ. ಆಮೇಲೆ ಒಳಗಿರೋರಿಗೆ ದೇವರೇ ದಿಕ್ಕು."

ಒಳಗಿದ್ದವನು ಅವಳ ಅಣ್ಣ ಏಮಸ್. ಲಕ್ವ ಹೊಡೆದು ಬಲಭಾಗ ಸತ್ತಿದೆ, ಮಾತು ಹೆಚ್ಚುಕಡಿಮೆ ಹೋಗಿದೆ. ದೋಣಿಯ ಮುಂಭಾಗದ ಹಾಸಿಗೆಯೇ ಅವನ ಲೋಕ. ಥರ್ಜಾ ಜೈಲಿಗೆ ಹೋದರೆ ಅವನನ್ನು ದಡದ ಮೇಲಿನ ಯಾವುದೋ ಆಶ್ರಮಕ್ಕೆ ಸಾಗಿಸುತ್ತಾರೆ. ನೀರಿನ ಮೇಲೆ ಹುಟ್ಟಿದವನು ಅಲ್ಲಿ ಒಂದು ಚಳಿಗಾಲವನ್ನೂ ದಾಟಲಾರ. ಇದು ಅವಳಿಗೂ ಗೊತ್ತು, ನನಗೂ ಗೊತ್ತು.

ನಾನು ಹಿಡಿಯನ್ನು ಕಳಚಿ ಕೈಯಲ್ಲಿ ಹಿಡಿದು ನೋಡಿದೆ. ಮೊಣಕೈ ಬಗ್ಗಿಸಿದ ತೋಳಿನಂಥ ಕಬ್ಬಿಣ. ಒಂದು ತುದಿಯಲ್ಲಿ ಚೌಕ ತೂತು, ಇನ್ನೊಂದು ತುದಿಯಲ್ಲಿ ಕೈಹಿಡಿ. ಇಂಥದೇ ಒಂದರಿಂದ ಅವಳು ದೋಣಿಕಟ್ಟೆಯ ಒಡೆಯ ಡಡ್ಲಿ ಟ್ವಿಗ್‌ಗೆ ಎರಡು ಬಾರಿ ಹೊಡೆದಿದ್ದಳು, ಥ್ರಾಪ್ ಲಾಕಿನಲ್ಲಿ, ಹಾಡಹಗಲಲ್ಲಿ. ಮೊದಲ ಏಟು ಮುಖಕ್ಕೆ. ಎರಡನೆಯದು ಬೆನ್ನಿಗೆ.

ಆ ಎರಡನೆಯ ಏಟೇ ನಮ್ಮ ಕೊರಳಿಗೆ ಉರುಳು.

ಆಗ ನನ್ನ ತಲೆಯಲ್ಲಿ ಏನೋ ಕದಲಿತು. ಉಸಿರು ಬಿಟ್ಟರೂ ಹಿಡಿ ಬಿಡಲ್ಲ.

ಮೊಬೈಲ್ ತೆಗೆದು, ಪೊಲೀಸರು ಅಂದು ಥ್ರಾಪ್ ಲಾಕಿನಲ್ಲಿ ತೆಗೆದಿದ್ದ ಫೋಟೋಗಳನ್ನು ಒಂದೊಂದಾಗಿ ಸರಿಸಿದೆ. ಕಲ್ಲಿನ ಮೇಲೆ ರಕ್ತ. ಟ್ವಿಗ್‌ನ ಟೋಪಿ. ತೊಟ್ಟಿಯಲ್ಲಿ ಅರ್ಧ ಇಳಿದ ದೋಣಿ. ಆಮೇಲೆ ಕೆಳಗಿನ ಬಾಗಿಲು. ನೂರು ಸಲ ನೋಡಿದ್ದ ಚಿತ್ರ ಅದು. ತೂಬಿನ ಗೂಟದ ಮೇಲೆ ಒಂದು ಕಬ್ಬಿಣದ ಹಿಡಿ ಕೂತಿತ್ತು.

"ಥರ್ಜಾ, ಆವತ್ತು ನಿನ್ನ ಹಿಡಿ ಎಲ್ಲಿತ್ತು?"

"ನನ್ನ ಕೈಲಿ. ಈಗ ಪೊಲೀಸರ ಚೀಲದಲ್ಲಿ. ನೀನು ತಿರುಗಿಸಿದ್ದು ಏಮಸ್‌ನ ಹಳೇದು."

"ಹಾಗಾದ್ರೆ ಇದು ಯಾರದು?"

ಅವಳು ಒಂದು ಕೈಯಲ್ಲಿ ಹಗ್ಗ ಹಿಡಿದೇ ಬಗ್ಗಿ ನೋಡಿದಳು. ಅವಳ ಮುಖ ಅಂಗಡಿ ಬಾಗಿಲು ಎಳೆದ ಹಾಗೆ ಮುಚ್ಚಿಕೊಂಡಿತು.

"ಯಾರೋ ಬಿಟ್ಟು ಹೋಗಿರ್ಬೇಕು."

"ಈಗಷ್ಟೇ ಏನಂದೆ ನೀನು?"

"ನೀರು ಸಮ ಆಯ್ತು. ಬಾಗಿಲು ತಳ್ಳು," ಅಂದಳು. ತಳ್ಳಿದೆ. ದೋಣಿ ಹೊರಗೆ ಬಂದು ದಡಕ್ಕೆ ತಾಕಿತು. ಅವಳು ನನ್ನ ಕೈಯಿಂದ ಹಿಡಿ ತೆಗೆದುಕೊಂಡು ಒಳಗಿನ ಕೊಕ್ಕೆಗೆ ನೇತುಹಾಕಿದಳು. "ಇನ್ನು ಇದಕ್ಕೆ ಕೆಲಸ ಇಲ್ಲ. ಇಲ್ಲಿಂದ ಟ್ವಿಗ್‌ನ ಕಟ್ಟೆವರೆಗೆ ಒಂದೂ ಲಾಕ್ ಇಲ್ಲ. ಆ ಕಡೆ ಸುಳೀಬಾರದು ಅಂತ ಜಾಮೀನಿನಲ್ಲಿ ಬರ್ದಿದ್ದಾರಲ್ಲ, ಇಲ್ಲೇ ಕಟ್ಟಿ ಹಾಕ್ತೀನಿ."

ನನ್ನನ್ನು ಚಹಾಕ್ಕೂ ಕರೆಯಲಿಲ್ಲ. ಚಹಾಕ್ಕೆ ಕರೆಯದ ದೋಣಿಯವರನ್ನು ನಾನು ಇದುವರೆಗೆ ಕಂಡಿರಲಿಲ್ಲ.

*

ಥರ್ಜಾಳ ಪರ ವಕೀಲರಾದ ಲೆನರ್ಡ್ ಪ್ಲಾಂಟ್ ಮಧ್ಯಾಹ್ನದ ಹೊತ್ತು ಸ್ಟೋಕಿನಲ್ಲಿ ಒಂದೇ ಕಡೆ ಸಿಗುವುದು, ಕಚೇರಿಯ ಎದುರಿನ ಓಟ್‌ಕೇಕ್ ಅಂಗಡಿಯಲ್ಲಿ. ಚೀಸು, ಹಂದಿಮಾಂಸ ತುಂಬಿ ಸುತ್ತಿದ ದೋಸೆಯಂಥ ಓಟ್‌ಕೇಕನ್ನು ಅವರು ತಿನ್ನುವುದು ನೋಡಿದರೆ ಈ ವಕೀಲರಿಗೆ ಜಗತ್ತಿನ ಚಿಂತೆಯೇ ಇಲ್ಲ ಎನ್ನಿಸಬೇಕು. ಆ ಫೋಟೋ ತೆರೆದು ಮೊಬೈಲನ್ನು ಅವರ ತಟ್ಟೆಯ ಪಕ್ಕ ಇಟ್ಟೆ.

"ಬಾಗಿಲು," ಅಂದರು.

"ಬಾಗಿಲ ಮೇಲೆ?"

"ತಿರುಗಿಸೋ ಹಿಡಿ."

"ಅದು ಬಾಗಿಲಿಗೆ ಸೇರಿದ್ದಲ್ಲ ಪ್ಲಾಂಟ್. ಬಾವಿಗೆ ರಾಟೆ ಇದ್ದ ಹಾಗೆ ಅಂದ್ಕೊಂಡು ಪೊಲೀಸರು ಬಿಟ್ಟುಬಿಟ್ಟಿದ್ದಾರೆ. ನಾನೂ ಹಾಗೇ ಅಂದ್ಕೊಂಡಿದ್ದೆ. ಹಿಡಿ ಯಾವಾಗಲೂ ದೋಣಿಯವರ ಜೊತೆ ಬರುತ್ತೆ, ಅವರ ಜೊತೆ ಹೋಗುತ್ತೆ. ಥರ್ಜಾದು ಅವಳ ಕೈಲಿತ್ತು. ಲಾಕಿನ ಮೇಲೆ ಇದ್ದದ್ದು ಇಬ್ಬರೇ."

ಅವರು ತಿನ್ನುವುದನ್ನು ನಿಲ್ಲಿಸಿದರು. ಅವರೊಡನೆ ಕೆಲಸ ಮಾಡುವವರಿಗೆ ಇದರ ಅರ್ಥ ಗೊತ್ತು.

"ಟ್ವಿಗ್ ಬರಿಗೈಲಿ ಬಂದೆ ಅಂದಿದ್ದಾನೆ," ಅಂದರು. "ನನ್ನ ಕಟ್ಟೇಲಿ ದೋಣಿ ನಿಲ್ಲಿಸಬಾರದು ಅಂತ ಮಾತಾಡೋಕೆ ಬಂದೆ, ಅವಳು ಮೈಮೇಲೆ ಬಿದ್ದಳು, ತಪ್ಪಿಸ್ಕೊಂಡು ಹೋಗ್ತಿದ್ದಾಗ ಹಿಂದಿನಿಂದ ಹೊಡೆದಳು ಅಂತ."

"ಟ್ವಿಗ್ ದೋಣಿಕಟ್ಟೆಯಲ್ಲಿ ಹುಟ್ಟಿ ಬೆಳೆದವನು. ಅವನೂ ಹಿಡಿ ಬಿಟ್ಟು ಹೋಗೋ ಪೈಕಿ ಅಲ್ಲ. ತಿರುಗಿಸ್ತಾ ಇದ್ದವನು ಏಟು ಬಿದ್ದು ಕೆಳಗೆ ಬಿದ್ದ, ಅದಕ್ಕೇ ಅದು ಅಲ್ಲೇ ಉಳೀತು. ತೂಬು ಎತ್ತುತ್ತಿದ್ದ ಅವನು. ತೊಟ್ಟಿಯೊಳಗೆ ದೋಣಿ, ದೋಣಿಯೊಳಗೆ ಎದ್ದು ಓಡೋಕಾಗದ ಮನುಷ್ಯ." ನನ್ನ ದನಿ ಏರಿದ್ದು ಅಂಗಡಿಯವಳು ತಿರುಗಿ ನೋಡಿದಾಗ ತಿಳಿಯಿತು. "ತನ್ನ ಪ್ರಾಣಕ್ಕಷ್ಟೇ ಅಲ್ಲ, ಇನ್ನೊಬ್ಬರ ಪ್ರಾಣ ಉಳಿಸೋಕೂ ಹೊಡೀಬಹುದು ಅನ್ನುತ್ತಲ್ಲ ಕಾನೂನು?"

"ಅನ್ನುತ್ತೆ. ಎದೆಗೆ ಹೊಡೆದೆಯೋ ಬೆನ್ನಿಗೆ ಹೊಡೆದೆಯೋ ಅಂತ ಭೇದ ಮಾಡಲ್ಲ. ಎರಡೇ ಪ್ರಶ್ನೆ. ಆ ಗಳಿಗೇಲಿ ಅವಳು ನಿಜವಾಗಿ ಏನು ನಂಬಿದ್ದಳು? ಆ ನಂಬಿಕೆಗೆ ತಕ್ಕಷ್ಟೇ ಹೊಡೆದಳಾ? ನಂಬಿದ್ದು ತಪ್ಪೇ ಆಗಿದ್ರೂ ಸರಿ, ಮನಸಾರೆ ನಂಬಿರಬೇಕು. ಅದನ್ನ ಅವಳು ಸಾಬೀತು ಮಾಡಬೇಕಾಗಿಲ್ಲ. ಆತ್ಮರಕ್ಷಣೆ ಅಲ್ಲ ಅಂತ ಸಾಬೀತು ಮಾಡೋ ಹೊರೆ ಆ ಕಡೆಯವರದು. ಜ್ಯೂರಿಗೆ ಅನುಮಾನ ಉಳಿದ್ರೆ ಅವಳು ಮನೆಗೆ ಹೋಗ್ತಾಳೆ."

"ಹಾಗಾದ್ರೆ ಗೆದ್ವಿ."

"ಅವಳು ನೋಡಿದ್ರೆ ಗೆದ್ವಿ."

"ಅಂದ್ರೆ?"

"ಅವನು ತೂಬಿಗೆ ಕೈ ಹಾಕಿದ್ದನ್ನ ಕಂಡು ಹೊಡೆದಿದ್ರೆ ಅದು ಅಣ್ಣನನ್ನ ಉಳಿಸಿದ ಏಟು. ಏನೂ ಕಾಣದೆ, ಬರೀ ಸಿಟ್ಟಿಗೆ ಬೆನ್ನಿಗೆ ಬಾರಿಸಿ, ಆಮೇಲೆ ಹಿಡಿ ಕಂಡಿದ್ರೆ ಅದು ಸಿಟ್ಟಿನ ಏಟೇ. ಹೊಡೆಯೋವಾಗ ತಲೆಯಲ್ಲಿ ಇರದ ಕಾರಣ ಹೊಡೆದ ಮೇಲೆ ಬಂದು ಕಾಯಲ್ಲ ಹೆಸ್ಟರ್." ಅವರು ಕೈ ಒರೆಸಿಕೊಂಡರು. "ಇನ್ನೊಂದು. ಪೊಲೀಸರು ಎರಡನೇ ಏಟಿನ ಬಗ್ಗೆ ಕೇಳಿದಾಗ ಇವಳು ತುಟಿ ಬಿಚ್ಚಲಿಲ್ಲ. ಈಗ ಸಾಕ್ಷಿಕಟ್ಟೆ ಹತ್ತಿ ಹೇಳಿದ್ರೆ, ಇಷ್ಟು ದಿನ ಎಲ್ಲಿತ್ತಮ್ಮ ಈ ಕಥೆ ಅಂತ ಜ್ಯೂರಿ ಮೂಗು ಮುರಿಯುತ್ತೆ. ಬೇರೆ ಯಾರಾದ್ರೂ ಬೆನ್ನಿಗೆ ನಿಲ್ಲಬೇಕು."

"ಮಿಸೆಸ್ ಅಲ್‌ಕಾಕ್. ಸೇತುವೆ ಮೇಲಿಂದ ಎಲ್ಲ ನೋಡಿದೋರು."

"ಅವರು ಆ ಕಡೆ ಸಾಕ್ಷಿ. ಭೇಟಿಗೆ ಸರ್ಕಾರಿ ವಕೀಲರಿಗೆ ಬರೆದು ದಾರಿ ಮಾಡಿದ್ದೀನಿ, ಸಂಜೆ ಅವರು ನಾಯಿ ತಿರುಗಿಸೋ ಹೊತ್ತಿಗೆ ಹೋಗು. ಕೇಳು. ಬಾಯಿಗೆ ಮಾತು ತುರುಕಬೇಡ. ಥರ್ಜಾ ವಿಷಯದಲ್ಲೂ ಅಷ್ಟೇ. ನೀನು ಹೇಳಿಕೊಟ್ಟ ಸತ್ಯ ನನಗೆ ಬೇಡ."

ಇಪ್ಪತ್ತು ವರ್ಷ ಪೊಲೀಸಿನಲ್ಲಿದ್ದವಳಿಗೆ ಈ ಪಾಠ. ಆದರೂ ಕೋಪ ಬರಲಿಲ್ಲ. ಈ ಮೊಕದ್ದಮೆಯಲ್ಲಿ ಗೆಲ್ಲಲೇಬೇಕೆಂಬ ಹಟ ನನ್ನನ್ನು ಎತ್ತ ಒಯ್ಯಬಹುದೆಂದು ಅವರು ಸರಿಯಾಗಿಯೇ ಊಹಿಸಿದ್ದರು.

*

ಪ್ರುಡೆನ್ಸ್ ಅಲ್‌ಕಾಕ್ ನಿವೃತ್ತ ಶಾಲಾ ಶಿಕ್ಷಕಿ. ಥ್ರಾಪ್ ಲಾಕಿನ ಕೆಳಗಿನ ಕಲ್ಲುಸೇತುವೆಯ ಮೇಲೆ, ತನ್ನ ಗಿಡ್ಡ ಕಾಲಿನ ನಾಯಿ ಪಿಕ್ಲ್‌ನ ಹಗ್ಗ ಹಿಡಿದು, ಅಂದು ನಿಂತಿದ್ದ ಜಾಗದಲ್ಲೇ ನಿಂತಿದ್ದರು.

"ನಾನು ಕಂಡಿದ್ದನ್ನ ಕಂಡ ಹಾಗೆ ಹೇಳಿದ್ದೀನಿ," ಅಂದರು. "ಆಕೆ ನೀರು ನಿಲ್ಲಿಸಿ, ಆ ಕಬ್ಬಿಣಾನ ಬಾಗಿಲಿಂದ ತೆಗೆದು ಕೋಟಿನ ಹಿಂದೆ ಬಚ್ಚಿಟ್ಟುಕೊಂಡ್ಳು. ಆಯುಧ ಮರೆಮಾಡ್ಕೊಂಡೇ ಆತನ ಜೊತೆ ಮಾತಿಗೆ ನಿಂತ್ಳು."

"ದೋಣಿಯವರು ಅದನ್ನ ಎಲ್ಲಿಡ್ತಾರೆ ಮಿಸೆಸ್ ಅಲ್‌ಕಾಕ್?"

"ನಂಗೇನು ಗೊತ್ತು?"

ಪುಣ್ಯಕ್ಕೆ ಆಗಲೇ ಒಂದು ದೋಣಿ ಲಾಕಿಗೆ ಬಂದಿತ್ತು. ಕೆಂಪು ಟೋಪಿಯ ಮುದುಕನೊಬ್ಬ ತೂಬು ಇಳಿಸಿದ, ಹಿಡಿ ಕಳಚಿದ, ಅದನ್ನು ನೋಡದೆಯೇ ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಸಿಕೊಂಡ. ಎರಡೂ ಕೈ ಖಾಲಿ ಮಾಡಿಕೊಂಡು ಬಾಗಿಲ ತೊಲೆಗೆ ಒರಗಿ ನಮ್ಮತ್ತ ಕೈ ಬೀಸಿದ.

ಮಿಸೆಸ್ ಅಲ್‌ಕಾಕ್ ಮುದುಕನ ಬೆಲ್ಟನ್ನೇ ನೋಡಿದರು. ಮಕ್ಕಳ ತಪ್ಪು ತಿದ್ದಿ ಅಭ್ಯಾಸವಾದವರು ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಅಪರೂಪ. ಈಕೆ ಆ ಅಪರೂಪದವರು.

"ಸರಿ," ಅಂದರು. "ಬಚ್ಚಿಟ್ಟುಕೊಂಡಿದ್ದಲ್ಲ. ಇಟ್ಟುಕೊಂಡಿದ್ದು. ಆಮೇಲೆ ಆತ ಆಕೆಯ ಕತ್ತು ಹಿಡಿದ, ಆಕೆ ಮುಖಕ್ಕೆ ಹೊಡೆದ್ಳು. ಅದನ್ನ ನಾನು ತಪ್ಪು ಅನ್ನಲ್ಲ. ಆದ್ರೆ ಆತ ತಿರುಗಿ ಹೋಗ್ತಿದ್ದಾಗ—"

"ಯಾವ ಕಡೆ ಹೋಗ್ತಿದ್ದ? ತೋರಿಸ್ತೀರಾ?"

ಅವರು ಕೈ ಎತ್ತಿದರು. ಅರ್ಧಕ್ಕೇ ನಿಲ್ಲಿಸಿದರು. ದಾರಿ ಎಡಕ್ಕೆ ಇತ್ತು, ಟ್ವಿಗ್‌ನ ದೋಣಿಕಟ್ಟೆಗೆ ಹೋಗುವುದೂ ಅದೇ. ಅವರ ಬೆರಳು ಕೆಳಗಿನ ಬಾಗಿಲ ತೂಬಿನತ್ತ ಚಾಚಿತ್ತು. ಅಲ್ಲಿಂದಾಚೆ ನೀರು ಬಿಟ್ಟರೆ ಏನೂ ಇಲ್ಲ.

"ಅಲ್ಲಿ ಬಗ್ಗಿದ," ಅಂದರು ನಿಧಾನವಾಗಿ. "ನೋವಿಗೆ ಬಗ್ಗಿದ ಅಂದ್ಕೊಂಡೆ. ತಪ್ಪಿಸ್ಕೊಂಡು ಓಡೋನು ಬಾಗಿಲ ಮೇಲೆ ಯಾಕೆ ಹೋಗ್ತಾನೆ? ಇದನ್ನ ಯಾರೂ ನನ್ನ ಕೇಳ್ಲಿಲ್ಲ ನೋಡಿ."

"ಆಮೇಲೆ?"

"ಆಮೇಲೆ ಆ ಹಾರ್ನು. ಅದರಿಂದಲೇ ಪಿಕ್ಲ್ ಬೊಗಳೋಕೆ ಶುರು ಮಾಡಿದ್ದು."

"ಹಾರ್ನು?"

"ದೋಣಿ ಹಾರ್ನು. ಉದ್ದಕ್ಕೆ, ಒಂದೇ ಸಮ, ಬಿಡದೆ. ದೋಣಿ ತೊಟ್ಟಿಯಲ್ಲಿ ಇಳಿದಿತ್ತಲ್ಲ, ಇಲ್ಲಿಂದ ಅದರ ಹೊಗೆಕೊಳವೆ ಮಾತ್ರ ಕಾಣ್ತಿತ್ತು. ಅದು ಓರೆಯಾಗ್ತಾ ಇತ್ತು, ಈಗ ನೆನಪಾಗ್ತಿದೆ. ಪೊಲೀಸರಿಗೆ ಹಾರ್ನಿನ ವಿಷಯ ಹೇಳ್ದೆ. ಕಾಲುವೆ ಅಂದ್ಮೇಲೆ ಹಾರ್ನ್ ಇರುತ್ತೆ ಅಂದ್ರು."

"ಎರಡನೇ ಏಟಿಗೆ ಮುಂಚೆನೋ, ಆಮೇಲೋ?"

"ಮುಂಚೆ. ಹಾರ್ನ್ ಕೇಳಿ ಆಕೆ ತೊಟ್ಟಿಯೊಳಗೆ ನೋಡಿದ್ಳು. ಆ ಮುಖ ನಾನು ಮರೆಯಲ್ಲ. ಆಮೇಲೆ ಓಡಿಹೋಗಿ ಹೊಡೆದ್ಳು." ಅವರು ಪಿಕ್ಲ್‌ನನ್ನು ಹತ್ತಿರ ಎಳೆದುಕೊಂಡರು. "ನಾನು ಅರ್ಧ ಕಂಡು ಪೂರ್ತಿ ಹೇಳಿಬಿಟ್ಟಿದ್ದೀನಿ ಅನ್ಸುತ್ತೆ. ಸೋಮವಾರ ನನ್ನ ಕೇಳಿದ್ರೆ ಇದನ್ನೂ ಹೇಳ್ತೀನಿ. ಆದ್ರೂ ಆ ಮನುಷ್ಯನ ಸ್ಥಿತಿ ನೋಡಿ ಪಾಪ ಅನ್ಸುತ್ತೆ. ಹೆಂಡ್ತಿ ಲೆಟಿಸ್ ಆಸ್ಪತ್ರೆಗೂ ಬರ್ಲಿಲ್ಲವಂತೆ. ವೇಲ್ಸ್‌ನಲ್ಲಿರೋ ತಂಗಿ ಮನೆಗೆ ಹೋದೋಳು ಮತ್ತೆ ಈ ಕಡೆ ಮುಖ ಹಾಕಿಲ್ಲ. ಬೇಸಿಗೇಲೂ ಕತ್ತಿಗೆ ಶಾಲು ಸುತ್ತಿಕೊಂಡು ತಿರುಗ್ತಿದ್ಳು, ಸಾಧು ಹೆಂಗಸು."

ನಾನು ಧನ್ಯವಾದ ಹೇಳಿದ್ದೂ ನೆನಪಿಲ್ಲ. ಹಾರ್ನ್ ಎಂದರೆ ದೋಣಿಯವರಲ್ಲಿ ಒಂದೇ ಅರ್ಥ: ನೀರು ನಿಲ್ಲಿಸು. ಥರ್ಜಾಗೆ ಅದು ಕೇಳಿಸಿತ್ತು. ಅವಳು ತಿರುಗಿ ನೋಡಿದ್ದಳು. ಎಲ್ಲವೂ ಅವಳ ತಲೆಯಲ್ಲಿತ್ತು, ಏಟಿಗೆ ಮೊದಲೇ ಇತ್ತು. ಕಾರು ಓಡಿಸುತ್ತ ಒಬ್ಬಳೇ ನಕ್ಕೆ.

ಹಾಗಿದ್ದ ಮೇಲೆ ಅವಳು ಯಾಕೆ ಸುಮ್ಮನಿದ್ದಾಳೆ ಎನ್ನುವ ಪ್ರಶ್ನೆ ಮಾರ್ಲ್‌ಪಿಟ್ ತಿರುವು ಬರುವವರೆಗೂ ನನಗೆ ಹೊಳೆಯಲಿಲ್ಲ.

*

ಈ ಸಲ ಚಹಾ ಕೊಟ್ಟಳು. ಒಲೆಯಲ್ಲಿ ಕಲ್ಲಿದ್ದಲು ಮಿನುಗುತ್ತಿತ್ತು. ಏಮಸ್ ಮುಂಭಾಗದಲ್ಲಿ ದಿಂಬಿಗೊರಗಿ ನಮ್ಮನ್ನೇ ನೋಡುತ್ತಿದ್ದ. ಅವನ ಹಾಸಿಗೆಯ ಮೇಲಿನ ಗೋಡೆಯಲ್ಲಿ ಸಾಲಾಗಿ ಮೊಳೆಗಳಿದ್ದವು. ದೋಣಿಯವರು ಹೂವಿನ ಅಂಚಿನ ತಟ್ಟೆಗಳನ್ನು ತೂಗುಹಾಕುವ ಮೊಳೆಗಳು. ಒಂದೇ ಒಂದು ತಟ್ಟೆ ಉಳಿದಿತ್ತು.

"ಉಳಿದವು ಎಲ್ಲಿ?"

"ಒಡೆದುಹೋದ್ವು. ಮೊಳೆ ಹಳೇದು."

"ಮೊಳೆ ಎಲ್ಲಾ ಅಲ್ಲೇ ಇದೆ ಥರ್ಜಾ. ತಟ್ಟೆ ಮಾತ್ರ ಬಿದ್ದಿದೆ. ದೋಣಿ ಮೂತಿ ಕೆಳಗಾಗಿ ನಿಂತಾಗ ಬಿತ್ತಲ್ವಾ?"

ಅವಳು ಚಹಾ ಕುಡಿದಳು.

"ಟ್ವಿಗ್ ತೂಬು ಎತ್ತುತ್ತಿದ್ದದ್ದನ್ನ ನೀನು ನೋಡಿದ್ಯಾ?" ಎಂದೆ. ಇಷ್ಟೇ. ಹೇಳಿಕೊಡಲಿಲ್ಲ.

"ಇಲ್ಲ."

"ಯೋಚನೆ ಮಾಡಿ ಹೇಳು."

"ಮಾಡಿದ್ದೀನಿ. ನೋಡ್ಲಿಲ್ಲ. ಕತ್ತು ಹಿಡಿದಿದ್ದ, ಸಿಟ್ಟಿತ್ತು, ಬೆನ್ನು ಕಾಣ್ತು, ಹೊಡೆದೆ. ಬರ್ಕೋ."

"ಹಾಗೆ ಹೇಳಿದ್ರೆ ಅದು ತಪ್ಪೊಪ್ಪಿಗೆ. ವರ್ಷಗಟ್ಟಲೆ ಒಳಗಿರ್ತೀಯ."

"ಗೊತ್ತು."

"ಏಮಸ್‌ನ ದಡಕ್ಕೆ ಹಾಕ್ತಾರೆ."

ಅವಳು ಕೂತಲ್ಲಿಂದಲೇ ಒಲೆಯ ಕಲ್ಲಿದ್ದಲು ಕೆದಕಿದಳು. ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ಒಂದೇ ತಟ್ಟೆಯನ್ನೂ ತೆಗೆದು ಒಡೆಯಬೇಕೆನ್ನಿಸಿತು.

"ಹಾರ್ನ್ ಕೇಳಿಸ್ತಲ್ಲ ನಿಂಗೆ," ಎಂದೆ. "ಕೇಳಿ ತೊಟ್ಟಿಯೊಳಗೆ ನೋಡಿದೆ. ಬಾಲ ಹೊಸ್ತಿಲ ಮೇಲೆ ಕೂತಿತ್ತು. ಆಮೇಲೆ ಓಡಿಹೋಗಿ ಅವನನ್ನ ಕೆಡವಿದೆ. ಅವನ ಹಿಡಿಯಿಂದಲೇ ತೂಬು ಇಳಿಸಿದೆ. ಹಿಡಿ ಕಳಚೋಕೂ ನಿಲ್ಲದೆ ದೋಣಿಗೆ ಓಡಿದೆ. ಜನ್ಮದಲ್ಲಿ ಮೊದಲ ಸಲ ಹಿಡಿ ಬಿಟ್ಟು ಬಂದಿದ್ದು ನೀನು. ಮಿಸೆಸ್ ಅಲ್‌ಕಾಕ್ ಕೋರ್ಟಿನಲ್ಲಿ ಹಾರ್ನಿನ ಮಾತು ಹೇಳ್ತಾರೆ. ಇನ್ನು ನೋಡ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?"

"ಏಮಸ್ ಒತ್ತಿದ. ಬಾಯಿ ಮುಚ್ಕೊಂಡಿರೋಕಾಗ್ದೆ ಆಗಾಗ ಒತ್ತುತ್ತಾನೆ. ಅದಕ್ಕೆಲ್ಲ ನಾನು ಕಿವಿ ಕೊಡಲ್ಲ."

ಇಲ್ಲಿ ಅವಳು ಎಡವಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಎಡವುವುದೇ ಹೀಗೆ, ಕೇಳದಿದ್ದಕ್ಕೂ ಉತ್ತರ ಕೊಟ್ಟು.

ಎದ್ದು ಹೋಗಿ ದೋಣಿಯ ಹಿಂಬದಿಯ ಬಾಗಿಲು ತೆರೆದೆ. ಚುಕ್ಕಾಣಿಯ ಪಕ್ಕ ಕಂಚಿನ ಹಾರ್ನ್ ಇತ್ತು, ಅದರ ಗುಂಡಿ ಅಲ್ಲೇ ಕೆಳಗೆ. ಅಲ್ಲಿಂದ ಏಮಸ್‌ನ ಹಾಸಿಗೆಗೆ ಇಡೀ ದೋಣಿಯ ಉದ್ದ. ಅವನಿಗೆ ಚಹಾ ಲೋಟ ಎತ್ತಲೂ ತಂಗಿಯ ಕೈ ಬೇಕು.

"ಏಮಸ್," ಎಂದೆ ತಿರುಗಿ, "ನೀನು ಒತ್ತಿದ್ಯಾ?"

ಏಮಸ್ ನನ್ನನ್ನು ನೋಡಿದ, ತಂಗಿಯನ್ನು ನೋಡಿದ. ಸ್ವಾಧೀನವಿರುವ ಎಡಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡ. ಅವನೂ ಅವಳ ಅಣ್ಣನೇ ತಾನೇ.

ಮೊಬೈಲ್ ತೆಗೆದು, ತೊಟ್ಟಿಯಲ್ಲಿದ್ದ ದೋಣಿಯ ಫೋಟೋವನ್ನು ಅವಳ ಮುಂದೆ ಹಿಡಿದೆ.

"ಇದನ್ನ ನೋಡು. ಹಗ್ಗ ಎಲ್ಲಿದೆ?"

ಅವಳು ನೋಡಲಿಲ್ಲ.

"ಛಾವಣಿ ಮೇಲಿದೆ. ಚಕ್ಕುಲಿ ಸುತ್ತಿದ ಹಾಗೆ ಸುತ್ತಿಟ್ಟಿದ್ದೀಯ. ದಡದ ಗೂಟ ಬರಿದು. ಬೆಳಿಗ್ಗೆ ನಂಗೆ ಪಾಠ ಹೇಳ್ದೆ, ಚುಕ್ಕಾಣಿ ಹತ್ರ ಯಾರೂ ಇಲ್ಲದಾಗ ಹಗ್ಗವೇ ಚುಕ್ಕಾಣಿ ಅಂತ. ಒಳಗೆ ಏಳಲಾಗದ ಅಣ್ಣ ಮಲಗಿರೋವಾಗ ನೀನು ಹಗ್ಗ ಕಟ್ಟದೆ ತೂಬು ಎತ್ತಿದ್ಯಾ? ಎತ್ತಿರ್ತೀಯ, ಚುಕ್ಕಾಣಿ ಹತ್ರ ಒಬ್ಬರಿದ್ರೆ ಮಾತ್ರ. ಟ್ವಿಗ್‌ನ ಧ್ವನಿ ಕೇಳಿ ಅವರು ಚುಕ್ಕಾಣಿ ಬಿಟ್ಟು ಒಳಗೆ ಅಡಗಿದ್ರು. ದೋಣಿ ಹಿಂದಕ್ಕೆ ಸರೀತು. ತೊಟ್ಟಿ ಖಾಲಿ ಮಾಡಿ ಅವರನ್ನ ಬಿಲದಿಂದ ಹೊರಡಿಸೋಣ ಅಂತ ಅವನು ತೂಬಿಗೆ ಬಗ್ಗಿದ. ದೋಣಿ ವಾಲಿದಾಗ ಅವರೇ ಹೊರಗೆ ಬಂದು ಹಾರ್ನ್ ಒತ್ತಿದ್ರು."

ನಿಲ್ಲಿಸಿದೆ. ಯಾರು ಅಂತ ಅವಳು ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ.

"ಬೇಸಿಗೆಯಲ್ಲೂ ಕತ್ತಿಗೆ ಶಾಲು ಸುತ್ತಿಕೊಳ್ಳೋರು," ಎಂದೆ. "ವೇಲ್ಸಿಗೆ ಹೋಗಲೇ ಇಲ್ಲ ಅವಳು."

ಥರ್ಜಾ ಲೋಟವನ್ನು ಒಲೆಯ ಮೇಲಿಟ್ಟಳು. ಆಮೇಲೆ ಮೊದಲ ಬಾರಿಗೆ, ನಾನು ಅವಳನ್ನು ಕಂಡಾಗಿನಿಂದ ಮೊದಲ ಬಾರಿಗೆ, ನನ್ನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದಳು.

"ಒಂದು ಮುಂಜಾನೆ ಬಂದು ದೋಣಿ ಬಾಗಿಲು ತಟ್ಟಿದ್ಳು. ಕಾಲಲ್ಲಿ ಚಪ್ಪಲಿ ಇರ್ಲಿಲ್ಲ. ಶಾಲು ತೆಗೆದು ಕತ್ತಿನ ಮೇಲೆ ಅವನ ಬೆರಳ ಗುರುತು ತೋರಿಸಿದ್ಳು. ನಾನೇನೂ ಕೇಳ್ಲಿಲ್ಲ, ಚುಕ್ಕಾಣಿ ಹಿಡಿಯೋದು ಕಲಿಸ್ದೆ. ಆವತ್ತು ಪೊಲೀಸರು ಬರೋಕೆ ಮುಂಚೆ ಕಳಿಸಿಬಿಟ್ಟೆ. ಎಲ್ಲಿಗೆ ಅಂತ ನಂಗೂ ಗೊತ್ತಿಲ್ಲ, ಗೊತ್ತಿರಬಾರದು ಅಂತಲೇ ಕೇಳ್ಲಿಲ್ಲ. ಅವಳು ಹೋಗಿದ್ದು ತಂಗಿ ಮನೆಗೆ ಅಂತ ಅವನು ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದಾನೆ, ಒಳಗೊಳಗೇ ಹುಡುಕ್ತಿದ್ದಾನೆ. ನಾನು ಸಾಕ್ಷಿಕಟ್ಟೆ ಹತ್ತಿ ಹಾರ್ನ್ ಅಂದ್ರೆ, ಯಾರು ಒತ್ತಿದ್ದು ಅಂತಾರೆ. ಹೆಸರು ಹೇಳಿದ್ರೆ ಅವಳನ್ನ ಕರೆಸ್ತಾರೆ. ಬಂದ್ರೆ ಅವನು ಬಾಗಿಲಲ್ಲೇ ನಿಂತಿರ್ತಾನೆ."

"ಅವಳು ಒಂದು ಮಾತು ಹೇಳಿದ್ರೆ ನೀನು ಬಿಡುಗಡೆ."

"ನಾನು ಜೈಲಿಗೆ ಹೋದ್ರೆ ಹೊರಗೆ ಬರೋ ದಿನ ಅಂತ ಒಂದಿರುತ್ತೆ ಹೆಸ್ಟರ್. ಅವಳು ಆ ಮನೆಗೆ ಹೋದ್ರೆ ಹಾಗೊಂದು ದಿನ ಇರಲ್ಲ." ಅವಳು ಏಮಸ್‌ನತ್ತ ನೋಡಿದಳು. "ಅವನಿಗೂ ಇದು ಒಪ್ಪಿಗೆ. ಅವನು ಮಾತಾಡಲ್ಲ ಅಷ್ಟೇ, ಎಲ್ಲಾ ತಿಳಿಯುತ್ತೆ."

ಏಮಸ್ ಕಣ್ಣು ಮುಚ್ಚಿ ತೆರೆದ. ಇಷ್ಟು ವರ್ಷ ಎಷ್ಟೋ ಜನ ತಮ್ಮನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದ್ದನ್ನು ಕೇಳಿದ್ದೇನೆ. ತಾನು ಮುಳುಗಲೆಂದೇ ಸುಳ್ಳು ಹೇಳುವವಳನ್ನು ಕಂಡದ್ದು ಇದೇ ಮೊದಲು.

"ಲೆಟಿಸ್‌ನ ನಾನೇ ಹುಡುಕ್ತೀನಿ," ಎಂದೆ. "ಸುರಕ್ಷಿತವಾಗಿ ಕರ್ಕೊಂಡು ಬರೋಕೆ ದಾರಿ ಇದೆ. ಪರದೆ ಹಿಂದೆ ನಿಲ್ಲಿಸ್ತಾರೆ, ಅವನು ಕಾಣದ ಹಾಗೆ. ನಾನು ಬಿಡಲ್ಲ ಥರ್ಜಾ. ನಿನ್ನನ್ನೂ ಬಿಡಲ್ಲ, ಅವಳನ್ನೂ ಬಿಡಲ್ಲ."

ಆಗಲೇ ಮೊಬೈಲ್ ಹೊಡೆದುಕೊಂಡಿತು. ಪ್ಲಾಂಟ್. ಅವರು ಯಾವತ್ತೂ ಅವಸರದಲ್ಲಿ ಮಾತಾಡುವವರಲ್ಲ. ಅಂದು ಉಸಿರು ತೆಗೆದುಕೊಳ್ಳದೆ ಮಾತಾಡಿದರು. ಆ ಇಕ್ಕಟ್ಟಿನ ದೋಣಿಯಲ್ಲಿ ಫೋನಿನ ಮಾತು ಮೂವರಿಗೂ ಕೇಳುತ್ತಿತ್ತು.

"ಹೆಸ್ಟರ್, ಆ ಕಡೆಯವರು ಈಗಷ್ಟೇ ಹೊಸ ಸಾಕ್ಷಿ ಸೇರಿಸಿದ್ದಾರೆ. ದೋಣಿಯಲ್ಲೇ ಇದ್ದಳಂತೆ. ಟ್ವಿಗ್ ತೂಬಿನ ಹತ್ರಾನೂ ಹೋಗ್ಲಿಲ್ಲ, ಥರ್ಜಾ ಸುಮ್ಮಸುಮ್ಮನೆ ಹಿಂದಿನಿಂದ ಹೊಡೆದಳು ಅಂತ ಹೇಳಿಕೆ. ಹೆಸರು ಲೆಟಿಸ್ ಟ್ವಿಗ್."

"ಎಲ್ಲಿದ್ದಾಳೆ ಅವಳು?"

"ಇನ್ನೆಲ್ಲಿ? ಗಂಡನ ಮನೇಲಿ. ನಿನ್ನೆ ಅವನೇ ಹೋಗಿ ಕರ್ಕೊಂಡು ಬಂದನಂತೆ."

ಫೋನ್ ಕೆಳಗಿಳಿಸಿದೆ. ಥರ್ಜಾ ಎದ್ದು ನಿಂತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಭಯವೂ ಇರಲಿಲ್ಲ. ಅಣ್ಣನ ಹೊದಿಕೆಯನ್ನು ಕುತ್ತಿಗೆವರೆಗೆ ಎಳೆದು ಸರಿಮಾಡಿದಳು. ಒಲೆಗೆ ಇನ್ನಷ್ಟು ಕಲ್ಲಿದ್ದಲು ಹಾಕಿದಳು. ಕೋಟು ತೊಟ್ಟುಕೊಂಡಳು.

"ಥರ್ಜಾ, ಆ ಕಡೆ ಕಾಲಿಟ್ರೆ ಜಾಮೀನು ಮುರಿದ ಹಾಗೆ. ಸೋಮವಾರದವರೆಗೂ ಕಾಯೋದಿಲ್ಲ, ಇವತ್ತೇ ಒಳಗೆ ಹಾಕ್ತಾರೆ."

"ಅಣ್ಣನಿಗೆ ಆರು ಗಂಟೆಗೆ ಸೂಪ್ ಕೊಡು," ಅಂದಳು.

ಹೋಗುತ್ತ ಕೊಕ್ಕೆಯಿಂದ ಏಮಸ್‌ನ ಹಳೆಯ ಹಿಡಿಯನ್ನು ತೆಗೆದು, ನೋಡದೆಯೇ, ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಸಿಕೊಂಡಳು.

ಅಲ್ಲಿಂದ ಟ್ವಿಗ್‌ನ ಕಟ್ಟೆವರೆಗೆ ಆ ಹಿಡಿ ತಿರುಗಿಸಲು ಒಂದೂ ಲಾಕ್ ಇರಲಿಲ್ಲ.